ಸ್ಥಿರ ವಿದ್ಯುತ್ತಿನ ಪ್ರಾತ್ಯಕ್ಷಿಕೆ

ಉಜ್ಜಿದ ವಸ್ತುಗಳಲ್ಲಿ ತಲೆದೋರುವ ವಿದ್ಯುದಾವೇಶವನ್ನೂ ಆವೇಶಗಳ ನಡುವಣ ಬಲವನ್ನೂ ನೋಡುಗರ ಕಣ್ಣೆದುರೇ ಮಾಡಿ ತೋರಿಸುವ ಕ್ರಮ. ಇಂದು ಶಾಲೆಯ ಪಾಠವಾಗಿರುವ ಈ ಪ್ರಯೋಗಗಳಲ್ಲಿ ಹೆಚ್ಚಿನವು ಹುಟ್ಟಿದ ಕಾಲಕ್ಕೆ ಸಂಶೋಧನೆಯೇ ಆಗಿದ್ದವು.

ಉಜ್ಜಿದ ಅಂಬರು ಹಗುರ ವಸ್ತುಗಳನ್ನು ಸೆಳೆಯುವುದು ಪ್ರಾಚೀನ ಗ್ರೀಕರಿಗೆ ಗೊತ್ತಿತ್ತು. ಗಾಜು, ಗಂಧಕ ಮೊದಲಾದವಕ್ಕೂ ಆ ಗುಣವಿದೆಯೆಂದು ಇಂಗ್ಲೆಂಡಿನ ವೈದ್ಯ ವಿಲಿಯಂ ಗಿಲ್ಬರ್ಟ್ 1600ರಲ್ಲಿ ತೋರಿಸಿದ. ಮೊನೆಯ ಮೇಲೆ ಸಲೀಸಾಗಿ ತಿರುಗುವ ಲೋಹದ ಮುಳ್ಳು ಅವನ ಉಪಕರಣ.

ಈ ಚರಿತ್ರೆಯ ನಿಜವಾದ ತಿರುವು ಕ್ಯಾಂಟರ್‌ಬರಿಯಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಸುಬಿನಲ್ಲಿದ್ದ ಸ್ಟೀಫನ್ ಗ್ರೇಯದು. 1729ರಲ್ಲಿ ಅವನೂ ಗೆಳೆಯ ಗ್ರಾನ್ವಿಲ್ ವೀಲರನೂ ಉಜ್ಜಿದ ಗಾಜಿನ ಕೊಳವೆಯಿಂದ ಉದ್ದನೆಯ ಹುರಿಯ ಮೂಲಕ ಆವೇಶವನ್ನು ಸಾಗಿಸುತ್ತಿದ್ದರು. ಹುರಿಯನ್ನು ತೂಗುಹಾಕಿದ್ದ ರೇಷ್ಮೆ ದಾರ ಭಾರ ತಾಳದೆ ಕಡಿದುಹೋಯಿತು. ಆ ಜಾಗಕ್ಕೆ ಸಣ್ಣ ಹಿತ್ತಾಳೆ ತಂತಿ ಕಟ್ಟಿದರು. ಹುರಿಯ ತುದಿಯಲ್ಲಿ ಸೆಳೆತವೇ ಇಲ್ಲವಾಯಿತು. ಎಳೆ ಎಷ್ಟು ತೆಳು ಎಂಬುದಲ್ಲ, ಅದು ಯಾವುದರಿಂದ ಆದದ್ದು ಎಂಬುದೇ ಮುಖ್ಯವೆಂದು ಇಬ್ಬರಿಗೂ ಹೊಳೆಯಿತು. ವಾಹಕ, ಅವಾಹಕಗಳ ಭೇದ ಗೊತ್ತಾದದ್ದು ಹೀಗೆ. ಮರುವರ್ಷ ಗ್ರೇ ಒಬ್ಬ ಹುಡುಗನನ್ನು ಅವಾಹಕ ಹಗ್ಗಗಳಿಂದ ಅಡ್ಡಲಾಗಿ ತೂಗುಹಾಕಿ, ಪಾದದ ಬಳಿ ಗಾಜಿನ ಕೊಳವೆ ಹಿಡಿದ. ಹಿತ್ತಾಳೆಯ ತೆಳುಹಾಳೆಯ ಚೂರುಗಳು ಹುಡುಗನ ಮುಖದತ್ತ ಹಾರಿದವು. ಯುರೋಪಿನ ಸಭೆಗಳೆಲ್ಲ ಇದನ್ನು ಅನುಕರಿಸಿದವು. ಫ್ರಾನ್ಸಿನಲ್ಲಿ ನೊಲೆ 1746ರಲ್ಲಿ ದೊರೆಯ ಮುಂದೆ ಕೈಕೈ ಹಿಡಿದು ನಿಂತ 180 ಸೈನಿಕರಿಗೆ ಆವೇಶ ಕೂಡಿಡುವ ಲೈಡನ್ ಜಾಡಿಯ ಆಘಾತ ಹಾಯಿಸಿ, ಎಲ್ಲರೂ ಒಮ್ಮೆಗೇ ನೆಗೆಯುವಂತೆ ಮಾಡಿದ.

ಬೋಧನೆಗೆ ಇಂಥ ಅಬ್ಬರಕ್ಕಿಂತ ಹೆಚ್ಚು ಒದಗಿದ್ದು ಡರ್ಬಿಶೈರಿನ ಪಾದ್ರಿ ಅಬ್ರಹಾಂ ಬೆನೆಟ್ 1780ರ ದಶಕದಲ್ಲಿ ರೂಪಿಸಿದ ಚಿನ್ನದ ರೇಕಿನ ವಿದ್ಯುದ್ದರ್ಶಕ. ಆವೇಶವಿರುವ ಕಡ್ಡಿಯನ್ನು ಮುಟ್ಟಿಸದೆ ಹತ್ತಿರ ತಂದರೂ ಗಾಜಿನೊಳಗಿನ ಎರಡು ರೇಕುಗಳು ದೂರ ಸರಿಯುತ್ತವೆ. ಕಡ್ಡಿ ಅಲ್ಲಿರುವಾಗಲೇ ಮೇಲಿನ ಲೋಹದ ತಟ್ಟೆಯನ್ನು ಬೆರಳಿಂದ ಮುಟ್ಟಿದರೆ ರೇಕುಗಳು ಕೂಡಿಕೊಳ್ಳುತ್ತವೆ; ಮೊದಲು ಬೆರಳು, ಆಮೇಲೆ ಕಡ್ಡಿ ತೆಗೆದರೆ ಮತ್ತೆ ಅಗಲುತ್ತವೆ, ಈಗ ಕಡ್ಡಿಯದಕ್ಕೆ ವಿರುದ್ಧವಾದ ಆವೇಶದಿಂದ. ಈ ಕ್ರಮ ತಪ್ಪಿದರೆ ಏನೂ ಉಳಿಯದು. ಮುಟ್ಟಿಸದೆಯೇ ಆವೇಶ ಮೂಡಿಸುವ ಈ ಪ್ರೇರಣೆಯನ್ನು ಇಷ್ಟು ಚೊಕ್ಕವಾಗಿ ತೋರಿಸುವ ಉಪಕರಣ ಇನ್ನೊಂದಿಲ್ಲ. 1843ರಲ್ಲಿ ಫ್ಯಾರಡೆ ಲೋಹದ ಮಂಜುಗಡ್ಡೆ ಬಕೆಟ್ಟನ್ನು ಇಂಥದೇ ದರ್ಶಕಕ್ಕೆ ಜೋಡಿಸಿ, ಪ್ರೇರಿತ ಆವೇಶ ಮೂಲ ಆವೇಶಕ್ಕೆ ಸಮವೆಂದು ತೋರಿಸಿದ.

ಆವೇಶಗಳ ನಡುವಣ ಬಲ ಅಂತರದ ವರ್ಗಕ್ಕೆ ವಿಲೋಮವೆಂದು ಕುಲಂಬ್ 1785ರಲ್ಲಿ ತಿರುಚು ತಕ್ಕಡಿಯಿಂದ ಅಳೆದು ಹೇಳಿದ್ದ. ಆದರೆ ಆ ನಾಜೂಕಿನ ಸಲಕರಣೆ ತರಗತಿಗೆ ಒಗ್ಗುವಂಥದಲ್ಲ. ಕೂದಲು ನಿಮಿರಿಸುವ ವ್ಯಾನ್ ಡಿ ಗ್ರಾಫ್ ಯಂತ್ರ ಬಂದದ್ದು 1929ರಲ್ಲಿ, ಅದೂ ಪರಮಾಣು ಸಂಶೋಧನೆಗಾಗಿ.

ಭಾರತದಲ್ಲಿ ಎನ್‌ಸಿಇಆರ್‌ಟಿಯ ಎಂಟನೇ ತರಗತಿಯ ವಿಜ್ಞಾನ ಪಠ್ಯ ಬೆನೆಟ್ಟನ ಉಪಕರಣವನ್ನು ಜಾಮ್ ಬಾಟಲಿ, ಪೇಪರ್ ಕ್ಲಿಪ್, ಅಲ್ಯೂಮಿನಿಯಂ ಹಾಳೆಯ ಪಟ್ಟಿಗಳಿಗೆ ಇಳಿಸಿತು. ಉಜ್ಜಲು ಪೆನ್ನಿನ ರೀಫಿಲ್ ಸಾಕು. ಮಲೆನಾಡು, ಕರಾವಳಿಯ ಶಾಲೆಗಳಲ್ಲಿ ಮಳೆಗಾಲದಲ್ಲಿ ಇದನ್ನು ಮಾಡುವುದು ಕಷ್ಟ. ಗಾಜು, ಪ್ಲಾಸ್ಟಿಕ್ಕಿನ ಮೇಲೆ ಕೂರುವ ತೇವದ ಪದರದ ಮೂಲಕ ಆವೇಶ ಸೋರಿಹೋಗುತ್ತದೆ. ಸಾಮಾನನ್ನೆಲ್ಲ ಬೆಚ್ಚಗೆ ಒಣಗಿಸಿಕೊಳ್ಳಬೇಕು, ಇಲ್ಲವೇ ಪಾಠವನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಬೇಕು.