ಉಚ್ಚಂಗಿಯ ಮೆಟ್ಟಿಲು

ಮದುವೆಯಾದ ಹೊಸತರಲ್ಲಿ ಗಂಡಹೆಂಡಿರು ಊಟಿಗೋ ಕೊಡೈಕೆನಾಲಿಗೋ ಹೊರಡುವುದು ಈಚಿನ ರೂಢಿ. ನಮ್ಮ ಹರಪನಹಳ್ಳಿ ಸೀಮೆಯಲ್ಲಿ ಹಿರಿಯರು ಹೊಸ ಜೋಡಿಗೆ ತೋರಿಸುತ್ತಿದ್ದ ಬೆಟ್ಟವೆಂದರೆ ಮನೆದೇವರ ಬೆಟ್ಟ. ಉಚ್ಚಂಗೆಮ್ಮನ ಒಕ್ಕಲಿನವರಾದ ನಮಗೆ ಅದು ಉಚ್ಚಂಗಿದುರ್ಗ. ಅಲ್ಲಿ ತಂಪು ಹವೆಯಿಲ್ಲ, ದೋಣಿ ವಿಹಾರವಿಲ್ಲ. ಕಾದ ಬಂಡೆ, ಬಿದ್ದ ಕೋಟೆ, ಏರಿದಷ್ಟೂ ಮುಗಿಯದ ಮೆಟ್ಟಿಲು. ಆದರೂ 1978ರ ಭರತ ಹುಣ್ಣಿಮೆಗೆ ದಾವಣಗೆರೆಯಿಂದ ಬಸ್ಸು ಹಿಡಿದು ನಾವಿಬ್ಬರೂ ಹೊರಟಾಗ, ನಮ್ಮ ಉತ್ಸಾಹ ಹಿಮಾಲಯಕ್ಕೆ ಹೊರಟವರದಕ್ಕಿಂತ ಕಡಿಮೆಯೇನೂ ಇರಲಿಲ್ಲ.

ನನ್ನ ಹೆಂಡತಿ ಮೈಸೂರು ಕಡೆಯವಳು. ಮೆಟ್ಟಿಲ ಸಾಲಿನ ಚಾಮುಂಡಿ ಬೆಟ್ಟವನ್ನು ಕಂಡವಳಿಗೆ ಈ ಬೋಳು ಬಂಡೆಗಳು ಹೊಸತು. ದೇವಿಗೆ ಕಾಯಿ ಒಡೆಸಿದ ಮೇಲೆ ಇಳಿದುಬರುವುದು ವಾಡಿಕೆ. ಅವಳು ಒಪ್ಪಲಿಲ್ಲ. "ಕೋಟೆ ನೋಡದೆ ಇಳಿಯುವುದಾದರೆ ಇಷ್ಟು ದೂರ ಏಕೆ ಬಂದೆವು?" ಎಂದಳು. ಸರಿ, ಜನ ನಡೆದ ಜಾಡು ಬಿಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು, ಬಂಡೆಯಿಂದ ಬಂಡೆಗೆ ಕಾಲು ಚಾಚುತ್ತ ಹಾಳುಗೋಡೆಯ ಕಡೆಗೆ ಹತ್ತಿದೆವು. ಉಳಿದ ಅರ್ಧ ತೆಂಗಿನಕಾಯಿಯನ್ನು ಕೋತಿಯೊಂದು ಕಿತ್ತುಕೊಂಡು ಹೋಯಿತು. ಗೋಡೆಯ ನೆರಳಲ್ಲಿ ಕುಳಿತು, ನಾನು ಓದಿದ್ದ ಚರಿತ್ರೆಯನ್ನೆಲ್ಲ ಅವಳ ಮುಂದೆ ಬಿಚ್ಚತೊಡಗಿದೆ. ಹೊಸ ಗಂಡನಿಗೆ ಅಂಥ ಸಭೆ ಮತ್ತೆ ಸಿಕ್ಕೀತೇ?

ಹೇಳಲು ಬೇಕಾದಷ್ಟಿತ್ತು. ಕದಂಬರ ಶಾಸನಗಳಲ್ಲಿ ಬರುವ ಉಚ್ಚಶೃಂಗಿ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಎತ್ತರದ ಶಿಖರವೆಂದು ಆ ಹೆಸರಿನ ಅರ್ಥ. ಮುಂದೆ ಇದು ನೊಳಂಬರ ಬಲವಾದ ನೆಲೆಯಾಯಿತು. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹನು ಈ ಕೋಟೆಯನ್ನು ಮುರಿದನು. ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಅದನ್ನು ಕೊಂಡಾಡುತ್ತದೆ. 'ನೊಳಂಬಕುಲಾಂತಕ' ಎಂಬ ಬಿರುದೂ ಅವನಿಗಿತ್ತು. ಆಮೇಲೆ ಉಚ್ಚಂಗಿಯ ಪಾಂಡ್ಯರು ಬಂದರು. ಚೋಳರು ಹನ್ನೆರಡು ವರ್ಷ ಮುತ್ತಿ ಕೈಚೆಲ್ಲಿದ ದುರ್ಗವನ್ನು ಹೊಯ್ಸಳ ವೀರಬಲ್ಲಾಳನು ಆಟವಾಡಿದಂತೆ ಗೆದ್ದನೆಂದು ಶಾಸನಕವಿಗಳು ಹಾಡುತ್ತಾರೆ. ಅದು 1177ರ ಸುಮಾರು. ಶರಣು ಬಂದ ಪಾಂಡ್ಯ ಕಾಮದೇವನಿಗೆ ಬಲ್ಲಾಳನು ರಾಜ್ಯವನ್ನು ಹಿಂದಿರುಗಿಸಿದನಂತೆ. 'ಗಿರಿದುರ್ಗಮಲ್ಲ'ನೆಂಬ ಬಿರುದನ್ನು ಮಾತ್ರ ತಾನು ಇರಿಸಿಕೊಂಡನು.

ಇದು ಬೆಟ್ಟದ ಒಂದು ಇತಿಹಾಸ; ಕಲ್ಲಿನಲ್ಲಿ ಕೊರೆದದ್ದು. ಇನ್ನೊಂದು ಇತಿಹಾಸ ನಮಗೆ ಎದುರಾದದ್ದು ಇಳಿಯುವ ಹೊತ್ತಿನಲ್ಲಿ, ಹೊಂಡದ ಬಳಿ. ಅಲ್ಲಿ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಪ್ರಾಯದಲ್ಲಿ ನನ್ನ ಹೆಂಡತಿಯ ಓರಗೆ. ಕೊರಳಲ್ಲಿ ಕೆಂಪು ಬಿಳಿ ಮಣಿಯ ಸರ.

"ಹೊಸಾ ಜೋಡಿ ಏನ್ ತಂಗೀ?" ಎಂದು ಕೇಳಿದಳು.

"ಹೌದಕ್ಕಾ. ನಿಮ್ಮ ಯಜಮಾನರು ಬಂದಿಲ್ಲವೇ?"

ಆಕೆ ನಕ್ಕಳು. "ನನ್ನ ಲಗ್ನ ಈ ತಾಯಿ ಜೋಡೀನ ಆಗೈತಿ. ಹತ್ತು ವರ್ಸದಾಕಿ ಇದ್ದಾಗ ಇಲ್ಲೇ ಮುತ್ತು ಕಟ್ಟಿದ್ರು. ನಮ್ಮಪ್ಪಗ ಗಂಡಮಕ್ಕಳಿಲ್ಲ ನೋಡು, ಮನಿ ನಡಸಾಕ ನಾನ ಮಗ."

ನನ್ನ ಹೆಂಡತಿ ಆಮೇಲೆ ಮಾತಾಡಲಿಲ್ಲ. ತಳದ ಹಾಲಮ್ಮನ ತೋಪಿಗೆ ಬರುವ ಹೊತ್ತಿಗೆ ಬೆಳದಿಂಗಳು ಚೆಲ್ಲಿತ್ತು. ಅಲ್ಲಿ ನಿಂತು ಒಂದೇ ಪ್ರಶ್ನೆ ಕೇಳಿದಳು: "ಇದನ್ನು ತಡೆಯಲು ಕಾನೂನು ಇಲ್ಲವೇ?"

ಇತ್ತು. ಈ ಬೆಟ್ಟದ ಸೋಜಿಗವೇ ಅದು. ದಾವಣಗೆರೆಯು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನ ತನ್ನ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆಯನ್ನು 1909ರಲ್ಲೇ ನಿಲ್ಲಿಸಿತು. ಗಡಿಯಾಚೆಯ ಹರಪನಹಳ್ಳಿಯಾದರೋ ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯದು. ಅಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ವರ್ಷಾನುಗಟ್ಟಲೆ ಹೋರಾಡಿದ ಮೇಲೆ 1947ರಲ್ಲಿ ಮುತ್ತು ಕಟ್ಟುವುದನ್ನು ನಿಷೇಧಿಸುವ ಕಾಯಿದೆಯಾಯಿತು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಹೊಂಡದ ಬಳಿ ಕಂಡ ಹೆಣ್ಣುಮಗಳಿಗೆ ಮುತ್ತು ಕಟ್ಟಿದ್ದು ಅದಕ್ಕೂ ಹತ್ತು ಹನ್ನೆರಡು ವರ್ಷ ಈಚೆಗೆ. ಅಂದರೆ ಆಕೆ ಹುಟ್ಟುವ ಮೊದಲೇ ಹುಟ್ಟಿದ್ದ ಕಾನೂನು ಆಕೆಯ ಕೇರಿಯವರೆಗೆ ಬಂದಿರಲಿಲ್ಲ.

ಏಕೆ ಬರಲಿಲ್ಲ? ನಗರದಲ್ಲಿ ಕುಳಿತ ನಾವು ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ನಂಬಿಕೆಯೇನೋ ಇತ್ತು. ಕೂದಲು ಜಡೆಗಟ್ಟಿದರೆ ತಾಯಿಯ ಕರೆ, ಕಾಯಿಲೆ ಬಿದ್ದರೆ ತಾಯಿಯ ಮುನಿಸು. ಆದರೆ ಅದರ ಬೆನ್ನಿಗೆ ಲೆಕ್ಕಾಚಾರವೂ ಇತ್ತು. ಮಗನಿಲ್ಲದ ಬಡ ದಲಿತ ಕುಟುಂಬದಲ್ಲಿ ಮಗಳನ್ನು ಮದುವೆ ಮಾಡಿಕೊಟ್ಟರೆ ಮುದುಕರಿಗೆ ಗಂಜಿ ಹಾಕುವವರಿಲ್ಲ. ಮುತ್ತು ಕಟ್ಟಿದರೆ ಅವಳು ತವರಿನಲ್ಲೇ ಉಳಿದು, ಮಗನಂತೆ ಹಕ್ಕು ಪಡೆದು, ಮನೆ ಹೊರುತ್ತಾಳೆ. ಅವಳ ದುಡಿಮೆಯನ್ನೂ ದೇಹವನ್ನೂ ಬಳಸಿಕೊಂಡ ಊರ ಉಳ್ಳವರಿಗೆ ಹೊಣೆಯೆಂಬುದೇ ಇರಲಿಲ್ಲ. ದೇವಿಯ ಹೆಸರು ಎಲ್ಲಕ್ಕೂ ಮುಸುಕು. ಕಾನೂನು ಮಣಿಸರವನ್ನು ಕಂಡಿತು, ಹಸಿವನ್ನು ಕಾಣಲಿಲ್ಲ.

1982ರಲ್ಲಿ ಕರ್ನಾಟಕ ಶಾಸನಸಭೆ ಇಡೀ ರಾಜ್ಯಕ್ಕೆ ಹೊಸ ಕಾಯಿದೆ ಮಾಡಿತು. ಮುತ್ತು ಕಟ್ಟಿದವರು ತಂದೆತಾಯಿಯಾದರೆ ಶಿಕ್ಷೆ ಇನ್ನೂ ಹೆಚ್ಚು ಎಂದಿತು. ಮುತ್ತು ಕಟ್ಟಿಸಿಕೊಂಡ ಹೆಣ್ಣು ಮಾಡಿಕೊಂಡ ಮದುವೆಯೂ ಸಿಂಧುವೇ ಎಂದು ಸಾರಿತು. ಮುಂದೆ ಸರ್ಕಾರ ಎರಡು ಬಾರಿ, 1993-94ರಲ್ಲೂ 2007-08ರಲ್ಲೂ, ಎಣಿಕೆ ನಡೆಸಿದಾಗ ಪಟ್ಟಿಗೆ ಬಂದವರು ಒಟ್ಟು 46,660 ಮಂದಿ. ಭರತ ಹುಣ್ಣಿಮೆಗೆ ಹಾಲಮ್ಮನ ತೋಪಿನಲ್ಲಿ ಕಾವಲು, ತಿಳಿವಳಿಕೆಯ ಫಲಕ, ಮೇಲ್ವಿಚಾರಣೆ ಎಲ್ಲ ಬಂದವು. ಮುತ್ತು ಕಟ್ಟಿಸಿಕೊಂಡ ಹೆಂಗಸರೇ ಸಂಘ ಕಟ್ಟಿ ನೆರೆಕೇರಿಯ ಹುಡುಗಿಯರನ್ನು ಬಿಡಿಸಿದ್ದು ಇವೆಲ್ಲಕ್ಕಿಂತ ದೊಡ್ಡ ಕೆಲಸ.

ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಬೆಟ್ಟ ಇದ್ದಲ್ಲೇ ಇದೆ. ಗೆದ್ದ ಅರಸರಿಗೆಲ್ಲ ಬಿರುದು ಕೊಟ್ಟ ಈ ದುರ್ಗದ ಚರಿತ್ರೆಯನ್ನು ಬರೆಯುವಾಗ ನಾವು ಬಾಗಿಲು, ಬುರುಜು, ಮುತ್ತಿಗೆಗಳನ್ನು ಎಣಿಸುತ್ತೇವೆ. ಅದೇ ಮೆಟ್ಟಿಲನ್ನು ಸಂಸಾರ ಹೂಡಲೆಂದು ಹತ್ತಿದ ಜೋಡಿಗಳೂ ಇದ್ದರು. ಸಂಸಾರವೇ ನಿನಗಿಲ್ಲ ಎನ್ನಿಸಿಕೊಳ್ಳಲು ಹತ್ತಿದ ಹತ್ತು ವರ್ಷದ ಹುಡುಗಿಯರೂ ಇದ್ದರು. ಅವರ ಲೆಕ್ಕವಿಲ್ಲದ ಚರಿತ್ರೆ ಅರ್ಧ ಚರಿತ್ರೆ. ಕೋಟೆ ನೋಡಲು ಹೋಗುವ ಯುವ ದಂಪತಿಗಳಿಗೆ ನನ್ನದೊಂದೇ ಮಾತು: ಬಲ್ಲಾಳನ ಕತೆಯನ್ನು ಅವಶ್ಯ ಕೇಳಿ, ಹಾಲಮ್ಮನ ತೋಪಿನಲ್ಲೂ ಸ್ವಲ್ಪ ಹೊತ್ತು ನಿಲ್ಲಿ.