ಮೂವತ್ತಿರ್ಚ್ಛಾಸಿರದ ಒಳಗು

ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬುದು ನಮ್ಮ ಸೀಮೆಯ ಹಳೆಯ ನುಡಿ. ಮರುಳಸಿದ್ಧೇಶ್ವರ ದೇವಾಲಯದ ಒಳಗಣ ಶಿಲ್ಪವೈಭವವನ್ನು ಕುರಿತ ಈ ಮಾತನ್ನು, ಆ ಊರಿನ ಸುತ್ತಣ ನಾಡಿಗೆ ಶಾಸನಗಳು ತೊಡಿಸಿರುವ ಒಂದು ಹಿರಿಯ ಸಂಖ್ಯೆಗೂ ಅನ್ವಯಿಸಬಹುದೆಂದು ನನಗೆ ತೋರುತ್ತದೆ.

ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿರುವ ಕೋಗಳಿಯು ಒಂದು ಕಾಲಕ್ಕೆ ಕೋಗಳಿ 500 ಎಂಬ ನಾಡಿಗೆ ಹೆಸರು ಕೊಟ್ಟ ಊರು. ಹರಪನಹಳ್ಳಿ ಸೀಮೆಯ ಉಚ್ಚಂಗಿಯಿಂದ ಹನ್ನೆರಡನೆಯ ಶತಮಾನದಲ್ಲಿ ಆಳಿದ ಪಾಂಡ್ಯರಾದರೋ ನೊಳಂಬವಾಡಿ ಮೂವತ್ತಿರ್ಚ್ಛಾಸಿರಕ್ಕೆ, ಎಂದರೆ 32000ಕ್ಕೆ, ಒಡೆಯರೆನಿಸಿಕೊಂಡವರು. ತೆಂಕಣ ಗಂಗವಾಡಿಗೆ 96000, ಪಡುವಣ ಬನವಾಸಿಗೆ 12000. ಇವು ಗ್ರಾಮಗಳ ಎಣಿಕೆಯೋ, ಹುಟ್ಟುವಳಿಯೋ, ಕಂದಾಯದ ಮೊತ್ತವೋ ಎಂಬ ವಿವಾದವು ವಿದ್ವಾಂಸರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇಂದಿನ ಸಮಗ್ರ ಕರ್ನಾಟಕದ ಗ್ರಾಮಗಳೇ 30000ವನ್ನು ಮುಟ್ಟದಿರುವಾಗ, ನೊಳಂಬವಾಡಿಯೊಂದರಲ್ಲಿಯೇ ಅದಕ್ಕೂ ಮಿಗಿಲಾದ ಊರುಗಳಿದ್ದುವೆಂದು ನಂಬುವುದು ಕಷ್ಟ. ಮೊದಲು ಅದು ಏನನ್ನೇ ಎಣಿಸಿರಲಿ, ಕಾಲಕ್ರಮದಲ್ಲಿ ಎಣಿಕೆಯ ಹೊರೆಯನ್ನಿಳಿಸಿ ಬರಿಯ ಬಿರುದಾಗಿ ನಿಂತಿತೆಂದೇ ನನ್ನ ಅಭಿಪ್ರಾಯ.

ಇನ್ನು ಒಳಗನ್ನು ನೋಡೋಣ. ಎಂಟು ಎರಡುಗಳನ್ನೂ ಮೂರು ಐದುಗಳನ್ನೂ ಗುಣಿಸಿದರೆ 32000 ದೊರೆಯುತ್ತದೆ; ಬೇರಾವ ಅವಿಭಾಜ್ಯ ಸಂಖ್ಯೆಗೂ ಅಲ್ಲಿ ಪ್ರವೇಶವಿಲ್ಲ. ಅದನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು 36. ಅದನ್ನೇ ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದರೆ 47716. ಹೀಗೆ ಮೊತ್ತವು ಮೂಲವನ್ನು ಮೀರುವ ಸಂಖ್ಯೆಗಳನ್ನು ಗ್ರೀಕರ ನಿಕೋಮೇಕಸನು ಪರಿಪೂರ್ಣ ಸಂಖ್ಯೆಗಳಿಂದ ಬೇರ್ಪಡಿಸಿ ಅಧಿಕ ಸಂಖ್ಯೆಗಳ ವರ್ಗಕ್ಕೆ ಸೇರಿಸಿದನು. ಅರಸರಿಗೆ ಒಪ್ಪುವ ವರ್ಗವೇ ಸರಿ! ನೊಳಂಬರ ಮೂಲನೆಲೆಯಾದ ನೊಳಂಬಳಿಗೆ 1000ವನ್ನು ಐದು ಸಲ ಇಮ್ಮಡಿಸಿದರೆ ಈ ಸಂಖ್ಯೆ ಬರುತ್ತದೆ. ಕೋಗಳಿಯ 500 ಇದರಲ್ಲಿ ಸರಿಯಾಗಿ 64 ಸಲ ಅಡಗುತ್ತದೆ. ಆದರೆ ಕೋಗಳಿಯ ಜೊತೆಯಲ್ಲಿಯೇ ಶಾಸನಗಳಲ್ಲಿ ಕಾಣಿಸಿಕೊಳ್ಳುವ ಬಳ್ಳಕುಂದೆಯ 300 ಮಾತ್ರ 106 ಸಲ ಹೋಗಿ 200ನ್ನು ಉಳಿಸುತ್ತದೆ, ಮೂರೆಂಬುದು ಒಳಗಿಲ್ಲವಷ್ಟೆ. ಬಿಡಿನಾಡುಗಳನ್ನು ಲೆಕ್ಕವಿಟ್ಟು ಕಟ್ಟಿದ ಸಂಖ್ಯೆ ಇದಲ್ಲವೆಂಬ ಸಂದೇಹಕ್ಕೆ ಇದೂ ಒಂದು ಆಸರೆ.

ನಾಡುಗಳಿಗೆ ಇಂತಹ ದುಂಡು ಸಂಖ್ಯೆಗಳು ಅಂಟಿಕೊಳ್ಳುತ್ತಿದ್ದ ಆ ಯುಗದಲ್ಲಿಯೇ, ಸುಮಾರು 850ರಲ್ಲಿ, ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಗಣಿತಸಾರಸಂಗ್ರಹವನ್ನು ರಚಿಸಿದ ಜೈನಾಚಾರ್ಯ ಮಹಾವೀರನು, ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿದುದಲ್ಲದೆ, ಸಂಖ್ಯೆಗಳನ್ನು ಕಂಠಾಭರಣಗಳಂತೆ ಪೋಣಿಸುವ ವಿನೋದವನ್ನೂ ಮೆರೆದನು. 27994681ನ್ನು 441ರಿಂದ ಗುಣಿಸಿದರೆ, ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ 12345654321 ಬರುತ್ತದೆ. ಗುಣ್ಯವು 5291ರ ವರ್ಗ, ಗುಣಕವು 21ರ ವರ್ಗ, ಫಲವು 111111ರ ವರ್ಗ. ಈ ಹಾರವನ್ನು ಬಿಡಿಸಿದರೆ ಒಳಗೆ 3, 7, 11, 13, 37 ಎಂಬ ಐದು ಅವಿಭಾಜ್ಯಗಳು ಎರಡೆರಡು ಸಲ ದೊರೆಯುತ್ತವೆ; ಮೂವತ್ತಿರ್ಚ್ಛಾಸಿರವನ್ನು ಕಟ್ಟಿದ ಎರಡಾಗಲಿ ಐದಾಗಲಿ ಅಲ್ಲಿ ಒಂದೂ ಇಲ್ಲ.