ಗರ್ಭಕೋಶ ಛಿದ್ರ: ಹಳೆಯ ಹೊಲಿಗೆ ಬಿರಿದಾಗ

ಹೆರಿಗೆ ಬೇನೆಯ ನಡುವೆ ಗರ್ಭಕೋಶದ ಗೋಡೆ ಸೀಳಿಹೋಗುವುದನ್ನು ಗರ್ಭಕೋಶ ಛಿದ್ರ ಎನ್ನುತ್ತಾರೆ. ಇದು ವಿರಳ. ಆದರೆ ಸಂಭವಿಸಿದರೆ ತಾಯಿಗೆ ಹೊಟ್ಟೆಯೊಳಗೇ ತೀವ್ರ ರಕ್ತಸ್ರಾವವಾಗುತ್ತದೆ. ಶಿಶುವಿಗೆ ಆಮ್ಲಜನಕದ ಪೂರೈಕೆ ನಿಮಿಷಗಳಲ್ಲಿ ಕುಸಿಯುತ್ತದೆ.

ಯಾರಿಗೆ ಅಪಾಯ?

ಹಿಂದೆ ಸಿಸೇರಿಯನ್ ಆದವರಲ್ಲಿ ಅಪಾಯ ಹೆಚ್ಚು. ಗರ್ಭಕೋಶದ ಕೆಳಭಾಗದಲ್ಲಿ ಅಡ್ಡವಾಗಿ ಕೊಯ್ದ ಒಂದು ಸಿಸೇರಿಯನ್ ಆಗಿದ್ದವರು ಮುಂದಿನ ಬಾರಿ ಸಹಜ ಹೆರಿಗೆಗೆ ಪ್ರಯತ್ನಿಸಿದರೆ, ಸುಮಾರು 200 ಮಂದಿಯಲ್ಲಿ ಒಬ್ಬರಿಗೆ ಹೀಗಾಗುವ ಸಂಭವವಿದೆ. ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದಿದ್ದರೆ ಅಪಾಯ ಹಲವು ಪಟ್ಟು ಹೆಚ್ಚು. ಅಂಥವರಿಗೆ ಬೇನೆ ಆರಂಭವಾಗುವ ಮೊದಲೇ ಶಸ್ತ್ರಚಿಕಿತ್ಸೆ ಮಾಡಲಾಗುತ್ತದೆ.

ಹೊಟ್ಟೆಯ ಚರ್ಮದ ಮೇಲಿನ ಗುರುತನ್ನು ನೋಡಿ ಒಳಗಿನ ಕೊಯ್ತ ಯಾವ ಬಗೆಯದೆಂದು ಹೇಳಲಾಗದು. ಅದು ತಿಳಿಯುವುದು ಹಿಂದಿನ ಶಸ್ತ್ರಚಿಕಿತ್ಸೆಯ ದಾಖಲೆಯಿಂದ. ಆದ್ದರಿಂದ ಆಸ್ಪತ್ರೆ ಕೊಟ್ಟ ಡಿಸ್ಚಾರ್ಜ್ ಸಮ್ಮರಿಯನ್ನು ತಾಯಿ ಕಾರ್ಡ್ ಜೊತೆಗೆ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಗರ್ಭಕೋಶದ ಗಡ್ಡೆ ತೆಗೆಸಿಕೊಂಡವರೂ ಈ ವಿಷಯವನ್ನು ವೈದ್ಯರಿಗೆ ತಿಳಿಸಬೇಕು. ಶಸ್ತ್ರಚಿಕಿತ್ಸೆಯೇ ಆಗದವರಲ್ಲಿಯೂ, ವಿಶೇಷವಾಗಿ ಹಲವು ಹೆರಿಗೆ ಕಂಡವರಲ್ಲಿ, ಮಗು ಅಡ್ಡವಾಗಿದ್ದು ಬೇನೆ ದೀರ್ಘವಾದರೆ ಛಿದ್ರವಾಗಬಹುದು.

ಔಷಧಗಳ ಬಗ್ಗೆ ಎಚ್ಚರ

ಬೇನೆ ಹೆಚ್ಚಿಸಲು ಆಕ್ಸಿಟೋಸಿನ್ ಡ್ರಿಪ್ ಕೊಡುವಾಗ ಪ್ರಮಾಣದ ನಿಯಂತ್ರಣ ಮತ್ತು ಸತತ ನಿಗಾ ಅತ್ಯಗತ್ಯ. ಸಿಸೇರಿಯನ್ ಆದವರಲ್ಲಿ ದಿನ ತುಂಬಿದ ಮೇಲೆ ಬೇನೆ ಬರಿಸಲು ಮಿಸೊಪ್ರೊಸ್ಟಾಲ್ ಮಾತ್ರೆ ಬಳಸಬಾರದು.

ಲಕ್ಷಣಗಳು

ಬಹಳಷ್ಟು ಸಂದರ್ಭಗಳಲ್ಲಿ ಮೊದಲು ಕಾಣುವುದು ಶಿಶುವಿನ ಹೃದಯ ಬಡಿತದ ಏರುಪೇರು. ಬೇನೆಯ ನಡುವಿನ ಬಿಡುವಿನಲ್ಲೂ ನಿಲ್ಲದ ಹೊಟ್ಟೆನೋವು, ಬರುತ್ತಿದ್ದ ಬೇನೆ ಹಠಾತ್ತನೆ ನಿಂತುಹೋಗುವುದು, ರಕ್ತಸ್ರಾವ, ಕೆಳಗಿಳಿದಿದ್ದ ಮಗುವಿನ ತಲೆ ಮತ್ತೆ ಮೇಲಕ್ಕೆ ಸರಿಯುವುದು, ತಾಯಿಯ ನಾಡಿ ವೇಗವಾಗಿ ರಕ್ತದೊತ್ತಡ ಇಳಿಯುವುದು ಇತರ ಸೂಚನೆಗಳು. ಇವೆಲ್ಲವೂ ಒಟ್ಟಿಗೆ ಕಾಣಬೇಕೆಂದಿಲ್ಲ. ಬೇನೆ ನಿಂತಿತೆಂದು ನಿರಾಳವಾಗುವುದು ಸಲ್ಲದು.

ಚಿಕಿತ್ಸೆ

ತಕ್ಷಣ ಹೊಟ್ಟೆ ತೆರೆದು ಮಗುವನ್ನು ಹೊರತೆಗೆಯುವುದೇ ದಾರಿ. ಜೊತೆಗೆ ರಕ್ತ ಕೊಡಬೇಕಾಗಬಹುದು. ಸಾಧ್ಯವಿದ್ದರೆ ಸೀಳನ್ನು ಹೊಲಿಯುತ್ತಾರೆ. ರಕ್ತಸ್ರಾವ ಹತೋಟಿಗೆ ಬಾರದಿದ್ದರೆ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ. ಹೊಲಿದು ಉಳಿಸಿಕೊಂಡವರಿಗೆ ಮುಂದಿನ ಹೆರಿಗೆ, ಬೇನೆಗೆ ಮುನ್ನವೇ ನಿಗದಿಪಡಿಸಿದ ಸಿಸೇರಿಯನ್ ಮೂಲಕ ಆಗಬೇಕು.

ಸಿಸೇರಿಯನ್ ಬಳಿಕ ಸಹಜ ಹೆರಿಗೆ ಅನೇಕರಿಗೆ ಸಾಧ್ಯ. ಆದರೆ ಅದು ಹಗಲಿರುಳೂ ಶಸ್ತ್ರಚಿಕಿತ್ಸೆ, ಅರಿವಳಿಕೆ ತಜ್ಞರು ಮತ್ತು ರಕ್ತದ ವ್ಯವಸ್ಥೆ ಇರುವ ಆಸ್ಪತ್ರೆಯಲ್ಲೇ ನಡೆಯಬೇಕು. ಯಾವ ಆಸ್ಪತ್ರೆ ಎಂಬುದನ್ನು ಬೇನೆ ಬಂದ ಮೇಲಲ್ಲ, ತಿಂಗಳುಗಳ ಮೊದಲೇ ನಿರ್ಧರಿಸುವುದು ಕ್ಷೇಮ.